ಹೊಲದ ಬದುವಿನಲ್ಲಿ ನಿಂತು ಓದುವವರಿಗೆ ಬರೆಯುವಾಗ

ಸಿಂಧನೂರಿನಲ್ಲಿ ರೈತರ ಮೊಬೈಲ್‌ಗೆ ಮಾಹಿತಿ ಕಳಿಸುವ ಸಣ್ಣ ತಂಡವೊಂದರಲ್ಲಿ ನಾನು ಬರೆಯುವ ಕೆಲಸ ಮಾಡುತ್ತೇನೆ. ಕಾಲುವೆ ನೀರು, ಭತ್ತದ ದರ, ಹತ್ತಿಗೆ ಬೀಳುವ ಹುಳ, ಇವೇ ನಮ್ಮ ವಿಷಯಗಳು.

ಮೊಬೈಲ್ ತೆಗೆದವರು ಓದಲೆಂದೇ ಕೂತವರಲ್ಲ. ತಲೆಯಲ್ಲಿ ಒಂದು ಪ್ರಶ್ನೆ ಇರುತ್ತದೆ, ಕಣ್ಣು ಉತ್ತರ ಹುಡುಕುತ್ತಿರುತ್ತದೆ. ಇದು ಹೊಸ ವಿಷಯವೂ ಅಲ್ಲ. ಜನ ವೆಬ್ ಪುಟಗಳನ್ನು ಹೇಗೆ ಬಳಸುತ್ತಾರೆಂದು ಅಧ್ಯಯನ ಮಾಡಿದ ಜಾಕೋಬ್ ನೀಲ್ಸನ್ 1997ರಲ್ಲೇ ಬರೆದಿದ್ದರು: ಅವರು ಪರೀಕ್ಷಿಸಿದವರಲ್ಲಿ ಶೇ 79ರಷ್ಟು ಜನ ಹೊಸ ವೆಬ್ ಪುಟದ ಮೇಲೆ ಸುಮ್ನೆ ಕಣ್ಣಾಡಿಸಿದ್ದರು, ಪದ ಪದ ಬಿಡದೆ ಓದಿದವರು ಶೇ 16 ಮಾತ್ರ. ಆಗ ಓದುತ್ತಿದ್ದದ್ದು ಕಂಪ್ಯೂಟರ್‌ನಲ್ಲಿ. ಈಗ ನಮ್ಮವರು ರಾಯಚೂರಿನ ಬಿಸಿಲಲ್ಲಿ, ಅಂಗೈಯಗಲದ ಪರದೆಯಲ್ಲಿ ಓದುತ್ತಾರೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತು. ಬೆಳಿಗ್ಗೆ ನಮ್ಮ ಮುಂದೆ ಬಂದ ಮೊದಲ ಕರಡು ಹೀಗೆ ಶುರುವಾಗಿತ್ತು: ‘ಕಲ್ಯಾಣ ಕರ್ನಾಟಕದ ಜೀವನಾಡಿಯಾದ ತುಂಗಭದ್ರಾ ಜಲಾಶಯವು 33 ಗೇಟ್‌ಗಳನ್ನು ಹೊಂದಿದ್ದು...’ ಎಲ್ಲವೂ ನಿಜವೇ. ಆದರೆ ಆ ಬೆಳಿಗ್ಗೆ ಅದು ಯಾರಿಗೆ ಬೇಕಿತ್ತು? ನದಿ ದಂಡೆಯ ಊರಿನವರಿಗೆ ಒಂದೇ ಚಿಂತೆ, ನೀರು ನಮ್ಮ ಕಡೆ ನುಗ್ಗುತ್ತದಾ ಅಂತ. ಎಡದಂಡೆ ಕಾಲುವೆಯ ಕೊನೆ ಭಾಗದ ರೈತನ ಚಿಂತೆ ಇದಕ್ಕೆ ತಿರುಗಾಮುರುಗಾ. ಡ್ಯಾಮ್ ಖಾಲಿಯಾದರೆ ನಾಟಿ ಮಾಡಿದ ಭತ್ತಕ್ಕೆ ನೀರೆಲ್ಲಿಂದ? ಒಬ್ಬರಿಗೆ ನೀರು ಬರುವ ಭಯ, ಇನ್ನೊಬ್ಬರಿಗೆ ಬಾರದ ಭಯ. ಒಂದೇ ಬರಹದಲ್ಲಿ ಇಬ್ಬರಿಗೂ ಹೇಳಹೋದರೆ ಇಬ್ಬರಿಗೂ ಮುಟ್ಟುವುದಿಲ್ಲ. ಹಾಗಾಗಿ ಎರಡು ಬರಹ ಮಾಡಿದೆವು. ಮೊದಲನೆಯದು ‘ಡ್ಯಾಮಿನಿಂದ ನದಿಗೆ ಜಾಸ್ತಿ ನೀರು ಬಿಡುತ್ತಿದ್ದಾರೆ. ದಂಡೆಗೆ ಇಳಿಯಬೇಡಿ, ದನ ಬಿಡಬೇಡಿ’ ಎಂದು ಶುರುವಾಯಿತು. ಎರಡನೆಯದು, ‘ಕಾಲುವೆ ನೀರಿನ ಬಗ್ಗೆ ಇನ್ನೂ ತೀರ್ಮಾನ ಆಗಿಲ್ಲ’ ಎಂದು. ಇಂಥ ಉತ್ತರವನ್ನು ಕೊನೆಗೆ ತಳ್ಳುವವರೇ ಹೆಚ್ಚು. ನನ್ನ ಪ್ರಕಾರ ಅದೂ ಉತ್ತರವೇ, ಮೇಲೆಯೇ ಇರಬೇಕು. ಅದು ಮೊದಲೇ ಕಂಡರೆ ಓದುವವರು ಗಾಳಿಮಾತಿಗೆ ಕಿವಿ ಕೊಡುವುದು ಕಡಿಮೆ ಆಗುತ್ತದೆ.

‘ಇಂದು’, ‘ನಾಳೆ’ ಎಂಬ ಮಾತುಗಳನ್ನು ನಾವು ಬರೆಯುವುದೇ ಇಲ್ಲ. ವಾಟ್ಸಾಪ್‌ನಲ್ಲಿ ಬರಹಕ್ಕೆ ವಯಸ್ಸಾಗುವುದಿಲ್ಲ. ‘ನಾಳೆ ಕಾಲುವೆಗೆ ನೀರು’ ಅನ್ನುವುದು ಹದಿನೈದು ದಿನ ಕಳೆದ ಮೇಲೂ ಯಾವುದೋ ಕ್ಯಾಂಪಿನ (ನಮ್ಮ ಕಡೆ ಕಾಲುವೆ ಪ್ರದೇಶದ ಸಣ್ಣ ಊರಿಗೆ ಹೀಗನ್ನುತ್ತಾರೆ) ಗ್ರೂಪಿನಲ್ಲಿ ತಿರುಗುತ್ತಿರುತ್ತದೆ. ಅದನ್ನು ನಂಬಿ ಒಬ್ಬರು ಗೊಬ್ಬರ ತಂದಿಟ್ಟರೆ ನಷ್ಟ ಯಾರಿಗೆ? ತಾರೀಖು, ವಾರ, ಉಪಕಾಲುವೆಯ ನಂಬರು, ಇವು ಮೂರೂ ಸಾಲಿನೊಳಗೇ ಇರಬೇಕು. ಬರಹದ ನೆತ್ತಿಯ ಮೇಲೆ ತಾರೀಖು ಹಾಕಿದರೆ ಸಾಲದು. ಫಾರ್ವರ್ಡ್ ಮಾಡುವವರು ನಡುವಿನ ಒಂದು ಸಾಲನ್ನಷ್ಟೇ ಕಾಪಿ ಮಾಡುತ್ತಾರೆ.

ಅಳತೆಯೂ ಅಷ್ಟೇ. 2024-25ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,300 ರೂಪಾಯಿ ಇತ್ತು. ನಮ್ಮ ಕಡೆ ವ್ಯಾಪಾರದ ಮಾತು ನಡೆಯುವುದು 75 ಕೆಜಿ ಚೀಲದ ಲೆಕ್ಕದಲ್ಲಿ. ಹಾಗಾಗಿ ‘ಚೀಲಕ್ಕೆ 1,725’ ಅಂತ ಪಕ್ಕದಲ್ಲೇ ಬರೆದುಬಿಡುತ್ತೇವೆ. ಸಿಂಪಡಿಸುವ ಬೇವಿನೆಣ್ಣೆ ಲೀಟರ್ ನೀರಿಗೆ 5 ಮಿಲಿ ಅಂದರೆ 16 ಲೀಟರ್ ಟ್ಯಾಂಕಿಗೆ 80 ಮಿಲಿ. ಆ ಗುಣಾಕಾರವನ್ನು ಬೆನ್ನ ಮೇಲೆ ಪಂಪು ಹೊತ್ತವರ ತಲೆಗೆ ಯಾಕೆ ಹೊರಿಸಬೇಕು ಹೇಳಿ?

ಇನ್ನು ಶೀರ್ಷಿಕೆ. ‘ರೈತರಿಗೆ ಭರ್ಜರಿ ಸುದ್ದಿ, ಕೊನೆಯವರೆಗೂ ಓದಿ’ ಅನ್ನುವುದನ್ನು ನಾನು ಒಪ್ಪುವುದೇ ಇಲ್ಲ. ಅದು ಓದುಗರ ಹೊತ್ತನ್ನು ಕದ್ದ ಹಾಗೆ.

ಬರಹ ಹೋದ ಮೇಲೆ ಬರುವ ಫೋನ್‌ಗಳನ್ನು ನಾವು ಬರೆದಿಟ್ಟುಕೊಳ್ಳುತ್ತೇವೆ. ‘ಹಂಗಾದ್ರ ನಮ್ಮ ಕ್ಯಾಂಪಿಗೆ ಯಾವಾಗ್ರೀ ನೀರು?’ ಎಂದು ಇಬ್ಬರು ಕೇಳಿದರೆ ಸಾಕು, ಆ ಉತ್ತರವನ್ನು ಮೊದಲ ಸಾಲಿಗೆ ಏರಿಸಿ, ತಿದ್ದಿದ ಹೊತ್ತನ್ನೂ ಹಾಕಿ ಮತ್ತೆ ಕಳಿಸುತ್ತೇವೆ.