ಈಸೂರಿನ ದಾರಿಯಲ್ಲಿ

ಶಿವಮೊಗ್ಗ ಅಂದ್ರೆ ಪ್ರವಾಸಿಗರಿಗೆ ಜೋಗ, ಆಗುಂಬೆ, ಸಕ್ರೆಬೈಲಿನ ಆನೆ ಬಿಡಾರ. ಈಸೂರಿಗೆ ಅಂತಾನೇ ಹೊರಟು ಬರುವವರು ಕಡಿಮೆ. ನನಗೆ ಆ ಊರನ್ನು ಕಣ್ಣಾರೆ ನೋಡಬೇಕು ಅಂತ ಬಹಳ ದಿನದ ಆಸೆ. ಮಳೆಗಾಲ ಮುಗಿದ ಮೇಲೆ ಅಣ್ಣನ ಬೈಕಿನಲ್ಲಿ ಇಬ್ಬರೂ ಹೊರಟೆವು. ಆಯನೂರು, ಕುಂಸಿ ದಾಟಿ ಶಿಕಾರಿಪುರ, ಹುಚ್ಚರಾಯಸ್ವಾಮಿಗೆ ಕೈಮುಗಿದು ಅಲ್ಲಿಂದ ಈಸೂರು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಗಲು ಹರವಿದ್ದರು, ಬೈಕು ನಿಧಾನಕ್ಕೆ ಬಿಡಬೇಕಾಯಿತು.

ಹೊರಗಿಂದ ನೋಡಿದರೆ ಇದು ನಮ್ಮ ಕಡೆಯ ಯಾವುದೇ ಹಳ್ಳಿಯ ಹಾಗೇ ಇದೆ. ಆದರೆ 1942ರಲ್ಲಿ, ಗಾಂಧೀಜಿ 'ಮಾಡು ಇಲ್ಲವೇ ಮಡಿ' ಅಂದ ಮೇಲೆ, ಇಲ್ಲಿಯವರು ತಮ್ಮ ಊರು ಸ್ವತಂತ್ರ ಅಂತಾನೇ ಸಾರಿಬಿಟ್ಟರು. ಕಂದಾಯ ಕೊಡಲ್ಲ ಅಂದರು. ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು. ತಮ್ಮದೇ ಸರ್ಕಾರ ಕಟ್ಟಿ, ಜಯಣ್ಣ ಅನ್ನೋ ಹುಡುಗನನ್ನು ಅಮಲ್ದಾರ (ಈಗಿನ ತಹಶೀಲ್ದಾರ) ಮಾಡಿದರು, ಮಲ್ಲಪ್ಪಯ್ಯ ಅನ್ನೋ ಇನ್ನೊಬ್ಬ ಹುಡುಗನನ್ನು ಸಬ್ ಇನ್‌ಸ್ಪೆಕ್ಟರ್. ದೊಡ್ಡವರು ಹಿಂದೆ ನಿಂತು ಹುಡುಗರನ್ನು ಕುರ್ಚಿಯಲ್ಲಿ ಕೂರಿಸಿದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರರೂ ಪೊಲೀಸರೂ ಬಂದರು. ಊರವರು ಅವರಿಗೆ ಗಾಂಧಿ ಟೋಪಿ ಹಾಕಿಕೊಳ್ಳಿ ಅಂದರು. ಮಾತಿಗೆ ಮಾತು ಬೆಳೆಯಿತು, ಪೊಲೀಸರು ಗುಂಡು ಹಾರಿಸಿದರು, ಜನ ತಿರುಗಿಬಿದ್ದರು. ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಇಬ್ಬರೂ ಸತ್ತರು. ಅವರೂ ನಮ್ಮ ಮೈಸೂರು ಸಂಸ್ಥಾನದವರೇ, ನೌಕರಿಗೆ ಬಂದವರು; ಇದನ್ನು ಬಿಟ್ಟು ಕಥೆ ಹೇಳೋದು ನನಗೆ ಸರಿ ಅನ್ನಿಸಲ್ಲ. ಆಮೇಲೆ ಊರಿಗೆ ಸೈನ್ಯವೇ ನುಗ್ಗಿತು. ಮನೆಗಳಿಗೆ ಬೆಂಕಿ ಬಿತ್ತು, ಜನ ಮಕ್ಕಳುಮರಿ ಕಟ್ಟಿಕೊಂಡು ಕಾಡು ಸೇರಿದರು.

ಹುತಾತ್ಮರ ಸ್ಮಾರಕದ ಹತ್ತಿರ ಬಹಳ ಹೊತ್ತು ಇದ್ದೆವು. ಅಲ್ಲೇ ಕಟ್ಟೆ ಮೇಲೆ ಕೂತಿದ್ದ ಅಜ್ಜ "ಯಾವೂರಾತು ನಿಮ್ದು?" ಅಂತ ಮಾತಿಗೆಳೆದರು. ಎಲೆಗೆ ಸುಣ್ಣ ಸವರುತ್ತಾ, ಒಂದು ಕ್ಷಣವೂ ತಡವರಿಸದೆ ಹೆಸರು ಹೇಳುತ್ತಾ ಹೋದರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ. 1943ರ ಮಾರ್ಚ್‌ನಲ್ಲಿ ಬೆಂಗಳೂರು ಜೈಲಿನಲ್ಲಿ ಈ ಐವರನ್ನೂ ಗಲ್ಲಿಗೇರಿಸಿದರು. ಜೀವಾವಧಿ ಶಿಕ್ಷೆಯಾದವರಲ್ಲಿ ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಅನ್ನೋ ಹೆಣ್ಣುಮಕ್ಕಳೂ ಇದ್ದರು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಅನ್ನೋ ಘೋಷಣೆ ಶಿವಮೊಗ್ಗದಲ್ಲಿ ಎಲ್ಲರ ಬಾಯಲ್ಲೂ ಇದೆ. ಈ ಹೆಸರುಗಳು ಎಷ್ಟು ಜನಕ್ಕೆ ಗೊತ್ತು? ನಮ್ಮ ಜಿಲ್ಲೆಯ ಮಕ್ಕಳಿಗಾದರೂ ಬಾಯಿಪಾಠ ಆಗಬೇಕಲ್ವಾ?

ಆ ಜೈಲೇ ಈಗಿನ ಫ್ರೀಡಂ ಪಾರ್ಕ್. ಬೆಂಗಳೂರಿಗೆ ಹೋದಾಗೆಲ್ಲ ಅದರ ಪಕ್ಕದಲ್ಲೇ ಓಡಾಡಿದ್ದೇನೆ, ಒಳಗೆ ಹೋಗಿಲ್ಲ. ಮುಂದಿನ ಸಲ ಅಣ್ಣನನ್ನೂ ಕರೆದುಕೊಂಡು ಹೋಗುತ್ತೇನೆ.