ನೆಲಕ್ಕೆ ಒತ್ತಿದ 150 ನ್ಯೂಟನ್

ಭಾನುವಾರ ಮನೆ ಬದಲಿಸಿದೆವು. ಸೊಂಟ ಇನ್ನೂ ಸರಿಹೋಗಿಲ್ಲ. ಅದಕ್ಕಿಂತ ಜಾಸ್ತಿ ಚುಚ್ಚುತ್ತಿರುವುದು ಟೆಂಪೊ ಜೊತೆ ಬಂದಿದ್ದ ಹುಡುಗನ ಒಂದು ಮಾತು.

ಪುಸ್ತಕ ತುಂಬಿದ ಕಬ್ಬಿಣದ ಟ್ರಂಕು, 60 ಕೆಜಿಯಾದರೂ ಇದ್ದೀತು. ಬಾಗಿಲವರೆಗೆ ಸರಿಸಬೇಕಿತ್ತು. ಬಗ್ಗಿ, ಮೈಭಾರವೆಲ್ಲ ಹಾಕಿ ನೂಕಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಭಾವಮೈದ ಫೋನ್ ನೋಡುತ್ತಲೇ "ಇನ್ನೊಂಚೂರು ಜೋರಾಗಿ" ಅಂದ. ಇಂಥ ಕೆಲಸದಲ್ಲಿ ಅವನದು ಯಾವಾಗಲೂ ಬಾಯಿಬಲ. ಆಗ ಆ ಹುಡುಗ ಹೇಳಿದ:

"ನೀವು ತಳ್ತಾ ಇಲ್ಲ ಸಾರ್, ನೆಲಕ್ಕೆ ಒತ್ತಾ ಇದೀರ."

ಹಿಡಿಗೆ ಹಗ್ಗ ಕಟ್ಟಿ ಓರೆಯಾಗಿ ಮೇಲಕ್ಕೆ ಎಳೆದ. ಟ್ರಂಕು ಕಿರ್ರೆನ್ನುತ್ತಾ ನಾಯಿಮರಿ ಹಾಗೆ ಅವನ ಹಿಂದೆ ಹೋಯಿತು.

ನಾನು 18 ವರ್ಷದಿಂದ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳುವವನು.

ರಾತ್ರಿ ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. 60 ಕೆಜಿ ಅಂದರೆ 588 ನ್ಯೂಟನ್ ತೂಕ. ಘರ್ಷಣಾಂಕ, ಅಂದರೆ ನೆಲದ ಮೇಲಿನ ಒತ್ತಿನಲ್ಲಿ ಎಷ್ಟು ಪಾಲು ಘರ್ಷಣೆಯಾಗಿ ತಡೆಯುತ್ತೆ ಅನ್ನೋದು, 0.4 ಇರಲಿ. (ನಿಂತದ್ದನ್ನು ಅಲುಗಿಸುವಾಗ ಇನ್ನೂ ಸ್ವಲ್ಪ ಜಾಸ್ತಿ, ಬಿಡಿ.) ನಾನು 30 ಡಿಗ್ರಿ ಕೆಳಮುಖವಾಗಿ 300 ನ್ಯೂಟನ್ ಹಾಕಿದ್ದೆ ಅನ್ನಿ. ಅದರಲ್ಲಿ 150 (300 × sin 30°) ಸೀದಾ ನೆಲಕ್ಕೆ. ಟ್ರಂಕು ನೆಲವನ್ನು ಒತ್ತುವುದು ಈಗ 738, ಘರ್ಷಣೆ 295ರವರೆಗೂ ತಡೆಯಬಲ್ಲದು. ಮುಂದಕ್ಕೆ ಸಿಕ್ಕಿದ್ದು (300 × cos 30°) ಬರೀ 260. ಯಾಕೆ ಅಲುಗುತ್ತೆ ಅದು? ಅವನೂ ಅಷ್ಟೇ ಬಲ ಹಾಕಿರಲಿ, ಆದರೆ ಮೇಲ್ಮುಖವಾಗಿ. ಅದೇ 150 ಈಗ ನೆಲದ ಮೇಲಿನ ಭಾರ ಇಳಿಸಿ 438 ಮಾಡುತ್ತೆ. ಘರ್ಷಣೆ 175. ಮುಂದಕ್ಕೆ ಎಳೆಯುವ 260ರಲ್ಲಿ ಮಿಕ್ಕ 85 ನ್ಯೂಟನ್ನನ್ನು 60 ಕೆಜಿಯಿಂದ ಭಾಗಿಸಿ. ವೇಗೋತ್ಕರ್ಷ, ಅಂದರೆ ಪ್ರತಿ ಸೆಕೆಂಡಿಗೆ ಏರುವ ವೇಗ, ಸುಮಾರು 1.4 ಮೀ/ಸೆ².

ಹೋದ ತಿಂಗಳು ಒಬ್ಬಳು ಹುಡುಗಿ ಇಂಥದ್ದೇ ಲೆಕ್ಕದಲ್ಲಿ ನೆಲದ ಒತ್ತು ತೂಕದಷ್ಟೇ ಎಂದು ಬರೆದಿದ್ದಳು. ಎರಡು ಅಂಕ ಕಿತ್ತು, ಕೆಂಪು ಇಂಕಲ್ಲಿ 'ಕೋನ ನೋಡಮ್ಮ' ಅಂತ ಗೀಚಿದ್ದೆ. ನನ್ನ ಬೋರ್ಡಿನ ಮೇಲೆ ಟ್ರಂಕು ಅಂದರೆ ಒಂದು ಚೌಕ, ಹಗ್ಗ ಅಂದರೆ ಒಂದು ಬಾಣ. ಒಂದು ಮಗುವಿಗೂ ಬೆಂಚು ನೂಕಿ ನೋಡು ಅಂದವನಲ್ಲ. ಬಗ್ಗಿ ನೂಕುವಾಗ ನನ್ನ ಅಂಗೈ ಎತ್ತ ಒತ್ತುತ್ತೆ ಅನ್ನೋದು ನನಗೇ ತಿಳಿಯಲಿಲ್ಲ, ಇನ್ನು ಅವಳಿಗೆ ಪೇಪರ್ ಮೇಲೆ ಹೇಗೆ ಕಾಣಬೇಕಿತ್ತು?

ಟೆಂಪೊ ಹೊರಡುವ ಮುಂಚೆ ಹುಡುಗ ಹಗ್ಗ ಸುತ್ತುತ್ತಾ ಕೇಳಿದ್ದ, "ಇಷ್ಟೊಂದು ಬುಕ್ಕು! ಏನ್ ಪಾಠ ಮಾಡ್ತೀರ ಸಾರ್?"

"ಕನ್ನಡ" ಅಂದುಬಿಟ್ಟೆ.