“ಈ ತಿಂಗಳ ಎಷ್ಟ ಹಾಳಿ ಆದ್ವು?”

ಕೊಪ್ಪಳದಲ್ಲಿ ನನ್ನನ್ನು ಬಲ್ಲವರು ಎದುರಾದಾಗ, ಊಟ ಆಯಿತೇ ಎಂಬ ಮಾತಿನ ಬೆನ್ನಲ್ಲೇ ಇನ್ನೊಂದು ಪ್ರಶ್ನೆ ಬರುತ್ತದೆ: “ಸರ, ಕಾದಂಬರಿ ಎಲ್ಲಿಗೆ ಬಂತ್ರಿ? ಈ ತಿಂಗಳ ಎಷ್ಟ ಹಾಳಿ ಆದ್ವು?” ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ, ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಸಹೋದ್ಯೋಗಿಗಳು ಕೇಳುತ್ತಾರೆ, ಗವಿಮಠದ ಜಾತ್ರೆಯ ದಾಸೋಹದಲ್ಲಿ ಪಕ್ಕಕ್ಕೆ ಕುಳಿತವರೂ ಕೇಳಿದ್ದುಂಟು. ಗಂಗಾವತಿ, ಕಾರಟಗಿ, ಸಿಂಧನೂರಿನ ಸೀಮೆಯಲ್ಲಿ ಎಕರೆಗೆ ಎಷ್ಟು ಚೀಲ ಭತ್ತ ಬಂತು ಎಂದು ಕೇಳುವಷ್ಟೇ ಸಹಜವಾದ, ಅಷ್ಟೇ ಅಕ್ಕರೆಯ ಪ್ರಶ್ನೆ ಇದು. “ನಡದೈತ್ರಿ” ಎಂಬ ಒಂದು ಮಾತಿನಲ್ಲಿ ಅದನ್ನು ಮುಗಿಸುವುದು ಕೇಳುವವರ ಅಕ್ಕರೆಗೆ ಸಲ್ಲದೆಂದು ತೋರಿದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ತಿಂಗಳ ಲೆಕ್ಕವನ್ನು ನಾನು ಖಂಡಿತ ಇಡುತ್ತೇನೆ. ಆದರೆ ಆ ಲೆಕ್ಕದಲ್ಲಿ ಪುಟಗಳ ಸಂಖ್ಯೆ ಇರುವುದಿಲ್ಲ. ತಿಂಗಳ ಕೊನೆಯ ಭಾನುವಾರ, ಕರಡು ಬರೆಯುವ ರಿಜಿಸ್ಟರಿನ ಹಿಂಬದಿಯ ಹಾಳೆಗಳಲ್ಲಿ ಎರಡು ಸಂಗತಿಗಳನ್ನು ಬರೆದಿಡುತ್ತೇನೆ. ಕಾದಂಬರಿಯ ಜನರ ಬಗ್ಗೆ ಹೋದ ತಿಂಗಳು ಗೊತ್ತಿಲ್ಲದೆ ಈ ತಿಂಗಳು ಗೊತ್ತಾದದ್ದು ಏನು ಎಂಬುದು ಮೊದಲನೆಯದು. ಹಾಗೆ ಗೊತ್ತಾದದ್ದರಿಂದ ಇನ್ನು ಮುಂದೆ ಯಾವ ವಿವರಣೆ ಬೇಡವಾಯಿತು ಎಂಬುದು ಎರಡನೆಯದು. ಮೊದಲ ಕರಡಿನ ಬಹುಭಾಗ ಬರೆಯುವವನು ತನಗೆ ತಾನೇ ಹೇಳಿಕೊಳ್ಳುವ ವಿವರಣೆಯಾಗಿರುತ್ತದೆ. ಆ ವಿವರಣೆ ಎಷ್ಟರಮಟ್ಟಿಗೆ ಬೇಡವಾಗುತ್ತ ಹೋಗುತ್ತದೆಯೋ ಅಷ್ಟರಮಟ್ಟಿಗೆ ಕಾದಂಬರಿ ಮುಂದೆ ಸಾಗಿದೆ ಎಂಬುದು ನಾನು ನಂಬಿರುವ ಅಳತೆ.

ಇದು ಹೇಗೆಂದು ಹೇಳಲು ಕಾದಂಬರಿಯ ಹಿನ್ನೆಲೆಯನ್ನು ಸ್ವಲ್ಪ ತಿಳಿಸಬೇಕಾಗುತ್ತದೆ. ಅದರ ಊರು ತುಂಗಭದ್ರೆಯ ಎಡದಂಡೆಯದು, ಕಾಲ 1940ರ ದಶಕದಿಂದ 1953ರವರೆಗಿನದು. ಇಂದು ಹೊಸಪೇಟೆಯಿಂದ ಮುನಿರಾಬಾದಿಗೆ ಬರುವವರಿಗೆ ನದಿ ದಾಟಿದ್ದು ಬಿಟ್ಟರೆ ಬೇರೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಆಗ ಬಲದಂಡೆಯ ಬಳ್ಳಾರಿ ಜಿಲ್ಲೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಎಡದಂಡೆಯ ರಾಯಚೂರು ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಅದರಲ್ಲಿ ಕೊಪ್ಪಳವು ನಿಜಾಮರ ದಿವಾನ ಮನೆತನವಾದ ಸಾಲಾರ್‌ಜಂಗರ ಜಾಗೀರಾಗಿತ್ತು. ಆ ದಂಡೆಯಲ್ಲಿ ಬ್ರಿಟಿಷರ ಕಲ್ದಾರ ರೂಪಾಯಿ, ಈ ದಂಡೆಯಲ್ಲಿ ನಿಜಾಮರ ಹಾಲಿ ಸಿಕ್ಕಾ. ಸುಮಾರು 7 ಸಿಕ್ಕಾಕ್ಕೆ 6 ಕಲ್ದಾರ ಎಂಬುದು ಅವುಗಳ ನಡುವಿನ ದರ. ಆ ದಂಡೆಯಲ್ಲಿ ಸಾಮಾನ್ಯ ವ್ಯವಹಾರಕ್ಕೆ ಇಂಗ್ಲಿಷ್ ಇಸವಿ, ಈ ದಂಡೆಯ ಸರ್ಕಾರಿ ಕಾಗದಗಳಲ್ಲಿ ಅಕ್ಟೋಬರ್ ತಿಂಗಳಲ್ಲಿ ಶುರುವಾಗುವ, ಬೆಳೆ-ಕಂದಾಯದ ಲೆಕ್ಕದ ಫಸಲಿ ವರ್ಷ. ಸರಕು ನದಿ ದಾಟಿದರೆ ಕರೋಡಗಿರಿಯವರ, ಎಂದರೆ ಸಂಸ್ಥಾನದ ಸುಂಕದವರ, ನಾಕಾ ಇತ್ತು. ಇಂಥ ಎರಡು ಆಡಳಿತಗಳು ಸೇರಿ ಕಟ್ಟಲು ಹೊರಟ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು, ಒಂದೇ ದಿನ, ಎಡದಂಡೆಯಲ್ಲಿ ನಿಜಾಮರ ಹಿರಿಯ ಮಗನಾದ ಬೇರಾರದ ರಾಜಕುಮಾರರೂ ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್ ಅವರೂ ಬೇರೆಬೇರೆಯಾಗಿ ಅಡಿಗಲ್ಲು ಹಾಕಿದರು. 1953ರಲ್ಲಿ ಜಲಾಶಯ ಸಿದ್ಧವಾಗುವ ಹೊತ್ತಿಗೆ ಹೈದರಾಬಾದ್ ಸಂಸ್ಥಾನವೂ ಇರಲಿಲ್ಲ, ಬ್ರಿಟಿಷರೂ ಇರಲಿಲ್ಲ, ಹಿನ್ನೀರಿನೊಳಗೆ ಹೋದ ಊರುಗಳೂ ಇರಲಿಲ್ಲ.

ಇಷ್ಟು ಸಂಗತಿಗಳು ಕೈಯಲ್ಲಿದ್ದಾಗ ಕರಡು ತಾನಾಗಿ ಉಬ್ಬುತ್ತದೆ. ಕಾದಂಬರಿಯಲ್ಲಿ ಹುಲಿಗೆವ್ವ ಎಂಬ ಹೆಣ್ಣುಮಗಳು ಹರಿಗೋಲಿನಲ್ಲಿ ನದಿ ದಾಟಿ ಹೊಸಪೇಟೆಯ ಸಂತೆಗೆ ತುಪ್ಪ ಮಾರಲು ಹೋಗುತ್ತಾಳೆ. ಮೊದಲ ಕರಡಿನಲ್ಲಿ ಅವಳು ಹರಿಗೋಲು ಹತ್ತಿದ ಮೇಲೆ ಎರಡು ನಾಣ್ಯಗಳ ದರ, ಸುಂಕದ ಪದ್ಧತಿ, ಜಾಗೀರಿನ ಆಡಳಿತ ಎಲ್ಲವೂ ಬಂದು, ಆಚೆ ದಡ ಮುಟ್ಟುವ ಹೊತ್ತಿಗೆ ಮೂರು ಪುಟಗಳು ತುಂಬಿದ್ದವು. ಪುಟಗಳ ಲೆಕ್ಕದಲ್ಲಿ ಅದು ಬಹಳ ಒಳ್ಳೆಯ ವಾರ. ಆ ಮೂರು ಪುಟಗಳನ್ನು ಬರೆಯದೆ ನನಗೆ ಮುಂದೆ ಹೋಗಲು ಆಗುತ್ತಿರಲಿಲ್ಲ ಎಂಬುದೂ ನಿಜ, ಏಕೆಂದರೆ ಅಲ್ಲಿಯವರೆಗೆ ಆ ನದಿಯ ಎರಡು ದಂಡೆಗಳ ವ್ಯವಹಾರ ನನಗೇ ಪೂರ್ತಿ ಕಣ್ಣಿಗೆ ಕಟ್ಟಿರಲಿಲ್ಲ. ಎರಡನೆಯ ಸಲ ಅದೇ ಪ್ರಸಂಗವನ್ನು ಬರೆಯುವಾಗ ಉಳಿದದ್ದು ಇಷ್ಟು:

“ಹರಿಗೋಲು ಈಚೆ ದಡಕ್ಕೆ ಬರುವ ಮೊದಲೇ ಹುಲಿಗೆವ್ವ ಸೆರಗಿನ ಗಂಟು ಬಿಚ್ಚಿ, ಕಲ್ದಾರಗಳನ್ನು ಎಲೆಯಡಿಕೆಯ ಚಂಚಿಯ ತಳಕ್ಕೆ ಇಳಿಸಿದಳು, ಸಿಕ್ಕಾಗಳನ್ನು ಮತ್ತೆ ಸೆರಗಿಗೇ ಕಟ್ಟಿದಳು. ಅಂಬಿಗನು ನೀರಿನ ಕಡೆ ಮುಖ ಮಾಡಿ, ‘ನಾ ಏನೂ ನೋಡಿಲ್ಲ ಬಿಡವ್ವಾ’ ಅಂದ.”

ಆ ಮೂರು ಪುಟಗಳು ಹೋದದ್ದಕ್ಕಿಂತ ದೊಡ್ಡ ಸಂಗತಿ ಇಲ್ಲಿ ನಡೆದಿದೆ. ಅವಳು ಆ ಹಣವನ್ನು ಯಾರಿಂದ ಬಚ್ಚಿಡುತ್ತಿದ್ದಾಳೆ ಎಂದು ನಾನು ಮೊದಲು ಯೋಚಿಸಿರಲೇ ಇಲ್ಲ. ನಾಕಾದವರಿಂದ ಎಂದುಕೊಂಡರೆ ಸಿಕ್ಕಾವನ್ನು ಬೇರೆ ಕಟ್ಟುವ ಅಗತ್ಯವಿರಲಿಲ್ಲ. ಅವಳು ಮನೆಯವರಿಂದಲೇ ಬಚ್ಚಿಡುತ್ತಿದ್ದಾಳೆ. ಈ ದಂಡೆಯ ನಾಣ್ಯದ ಲೆಕ್ಕ ಗಂಡನಿಗೆ ಒಪ್ಪಿಸುತ್ತಾಳೆ, ಆ ದಂಡೆಯ ನಾಣ್ಯವನ್ನು ಕೂಡಿಡುತ್ತಾಳೆ. ಏಕೆಂದರೆ ಊರು ಮುಳುಗುತ್ತದೆ ಎಂಬ ಸುದ್ದಿಯನ್ನು ಆ ಮನೆಯಲ್ಲಿ ನಂಬಿದವಳು ಅವಳೊಬ್ಬಳೇ. ಕಾದಂಬರಿಯ ಎರಡನೆಯ ಅರ್ಧ ನನಗೆ ದೊರಕಿದ್ದು ಈ ಚಂಚಿಯೊಳಗಿಂದ. ಆ ತಿಂಗಳು “ಎಷ್ಟ ಹಾಳಿ ಆದ್ವು” ಎಂದು ಕೇಳಿದವರಿಗೆ ನಿಜವಾದ ಉತ್ತರ ಕೊಡುವುದಾದರೆ, ಇದ್ದ ಪುಟಗಳು ಕಡಿಮೆಯಾದವು, ಕಾದಂಬರಿ ಅರ್ಧ ಮುಂದೆ ಬಂತು ಎನ್ನಬೇಕಾಗಿತ್ತು.

ಬರೆಯಲು ಹೊರಟ ಕಿರಿಯರು ಕೆಲವರು ತಿಂಗಳಿಗೆ ಇಷ್ಟು ಪದ ಎಂದು ಗುರಿ ಇಟ್ಟುಕೊಳ್ಳಬೇಕೇ ಎಂದು ಕೇಳುತ್ತಾರೆ. ಅಮೆರಿಕದಲ್ಲಿ 1999ರಲ್ಲಿ ಗೆಳೆಯರ ಗುಂಪೊಂದು ಶುರುಮಾಡಿದ, ನವೆಂಬರ್ ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆಯುವ ಪಂಥವು ಜಗತ್ತಿನಾದ್ಯಂತ ಹಬ್ಬಿದ್ದನ್ನು ಅವರು ಉದಾಹರಿಸುತ್ತಾರೆ. ದಿನಕ್ಕೆ ಸುಮಾರು 1,667 ಪದಗಳು. ಒಂದು ಕರಡನ್ನೂ ಕೊನೆಮುಟ್ಟಿಸದವರಿಗೆ ಇಂಥ ಗುರಿ ಉಪಯುಕ್ತವೆಂದೇ ನನ್ನ ಅಭಿಪ್ರಾಯ. ಕೊನೆಯವರೆಗೆ ಹೋಗಿ ಬರುವ ಅನುಭವವಿಲ್ಲದೆ ಕರಡಿನ ಸ್ವಭಾವ ತಿಳಿಯುವುದಿಲ್ಲ. ಆದರೆ ಕಾದಂಬರಿಯ ಲೋಕವನ್ನು ಹುಡುಕಿ, ಕೇಳಿ, ಓದಿ ಕಟ್ಟಬೇಕಾದ ಕಡೆ ಪದಗಳ ಗುರಿಯು ನಮ್ಮನ್ನು ಗೊತ್ತಿರುವುದನ್ನೇ ಮತ್ತೆ ಮತ್ತೆ ಬರೆಯುವಂತೆ ಮಾಡುತ್ತದೆ.

ಹುಡುಕಾಟವೇ ಬರವಣಿಗೆಯನ್ನು ನುಂಗದಂತೆಯೂ ನೋಡಿಕೊಳ್ಳಬೇಕಾಗುತ್ತದೆ. ನಾನು ರಿಜಿಸ್ಟರಿನ ಬಲಗಡೆಯ ಪುಟದಲ್ಲಿ ಮಾತ್ರ ಬರೆಯುತ್ತೇನೆ, ಎಡಗಡೆಯದು ಖಾಲಿ. ಸಂದೇಹ ಬಂದ ಕಡೆ ಎದುರಿನ ಖಾಲಿ ಪುಟದಲ್ಲಿ “ನೋಡಬೇಕು” ಎಂದು ಬರೆದು ಮುಂದಕ್ಕೆ ಸಾಗುತ್ತೇನೆ. ಹುಲಿಗೆವ್ವನ ಮಾವನ ಬಳಿ ಕಂದಾಯದ ಪಾವತಿಯೊಂದಿದೆ. ಅಡಿಗಲ್ಲು ಬಿದ್ದ ವರ್ಷದ ಪಾವತಿಯಲ್ಲಿ 1945 ಎಂದಿರಲಾರದು. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ಸಿಗುವುದರಿಂದ, ಅದು ಫಸಲಿ 1354 ಆಗಬೇಕು. ಈ ಲೆಕ್ಕವನ್ನು ಕೂಡಿಸಿ ಕಳೆದು ನೋಡಿದ್ದು ಅಧ್ಯಾಯ ಮುಗಿದ ಮೇಲೆ. ಬರೆಯುವ ಹೊತ್ತಿನಲ್ಲಿ ಮುಖ್ಯವಾಗಿದ್ದದ್ದು, ಓದುಬರಹ ಬಾರದ ಆ ಮುದುಕ ಪಾವತಿಯನ್ನು ಮಡಿಕೆಯ ಗುರುತಿನಿಂದಲೇ ಯಾವುದು ಯಾವ ವರ್ಷದ್ದೆಂದು ಹೇಳಬಲ್ಲವನಾಗಿದ್ದ ಎಂಬುದು.

ಸಂಭಾಷಣೆಯ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಮೊದಲು ಗ್ರಂಥಸ್ಥ ಕನ್ನಡದಲ್ಲಿ ಬರೆದು ಆಮೇಲೆ ನಮ್ಮ ಕಡೆಯ ಮಾತಿಗೆ ತಿರುಗಿಸಿದ ಸಂಭಾಷಣೆ ಎಂದಿಗೂ ಕುದುರುವುದಿಲ್ಲ. ಕ್ರಿಯಾಪದಗಳ ಕೊನೆ ಬದಲಾಗುತ್ತದೆ, ಮಾತಿನ ಓಟ ಬದಲಾಗುವುದಿಲ್ಲ. ಆದ್ದರಿಂದ ಪ್ರಸಂಗದ ನಿರೂಪಣೆಗಿಂತ ಮೊದಲು ಸಂಭಾಷಣೆಯನ್ನೇ, ಬಾಯಿಬಿಟ್ಟು ಆಡಿಕೊಂಡು, ಬರೆಯುತ್ತೇನೆ. ಬಳ್ಳಾರಿಯ ಕಡೆಯ ಮಾತಿನಲ್ಲಿ ತೆಲುಗಿನ ಎಳೆ, ನಮ್ಮ ಮಾತಿನಲ್ಲಿ ಸಂಸ್ಥಾನದ ಕಾಲದ ಉರ್ದುವಿನ ಎಳೆ ಇರುವುದರಿಂದ, ಸಂತೆಯ ಪ್ರಸಂಗದಲ್ಲಿ ಯಾರು ಯಾವ ದಂಡೆಯವರೆಂದು ಹೇಳುವ ಕೆಲಸವನ್ನು ಮಾತೇ ಮಾಡುತ್ತದೆ, ನಾನು ಮಾಡಬೇಕಾಗಿಲ್ಲ.

ಕರಡಿನ ಬಗ್ಗೆ ನಾನು ಕಲಿತದ್ದರಲ್ಲಿ ಬಹಳ ಮುಖ್ಯವಾದದ್ದು 2024ರ ಆಗಸ್ಟ್ ತಿಂಗಳದ್ದು. ಆ ತಿಂಗಳ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ನೀರು ನದಿಗೆ ಹರಿಯುತ್ತಲೇ ಇತ್ತು, ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಕೂಡಿಸಿ ಅದನ್ನು ತಡೆದರು. ಅಣೆಕಟ್ಟಿನ ಕಾದಂಬರಿ ಬರೆಯುತ್ತಿರುವವನಿಗೆ ಇದಕ್ಕಿಂತ ದೊಡ್ಡ ಪ್ರಸಂಗ ಬೇಕೇ ಎಂದು ಗೆಳೆಯರು ಹೇಳಿದರು. ಆ ಘಟನೆಯನ್ನು ನಾನು ಕಾದಂಬರಿಗೆ ತರಲಿಲ್ಲ, ತರುವುದೂ ಇಲ್ಲ. ನನ್ನ ಕಥೆ 1953ರಲ್ಲಿ ನಿಲ್ಲುತ್ತದೆ. ಆದರೆ ಆ ವಾರದಲ್ಲಿ ಎಡದಂಡೆ ಕಾಲುವೆಯ ರೈತರು ಆಡಿದ ಮಾತನ್ನು ಗಮನವಿಟ್ಟು ಕೇಳಿದೆ. ಅಣೆಕಟ್ಟಿನ ಚರಿತ್ರೆಯನ್ನಾಗಲೀ ಎಪ್ಪತ್ತು ವರ್ಷಗಳ ಆಯುಷ್ಯವನ್ನಾಗಲೀ ಯಾರೂ ಎತ್ತಲಿಲ್ಲ. ನಾಟಿ ಮಾಡಿದ ಭತ್ತಕ್ಕೆ ನೀರು ಸಿಗುತ್ತದೆಯೇ, ಎರಡನೆಯ ಬೆಳೆಯ ಗತಿ ಏನು, ಕಾಲುವೆಯ ಕೊನೆಯ ಭಾಗಕ್ಕೆ ಏನು ಉಳಿದೀತು ಎಂಬುದಷ್ಟೇ ಮಾತು.

ಆಮೇಲೆ ನನ್ನ ಕರಡನ್ನು ತೆಗೆದು ಓದಿದಾಗ, ಊರು ಮುಳುಗುವ ಸುದ್ದಿ ಬಂದ ರಾತ್ರಿ ಕಟ್ಟೆಯ ಮೇಲೆ ಕುಳಿತ ಹಿರಿಯರು ಹುಟ್ಟಿದ ಮಣ್ಣಿನ ಬಗ್ಗೆ, ಪೂರ್ವಿಕರ ಬಗ್ಗೆ ದೀರ್ಘವಾಗಿ ಮಾತನಾಡುವ ಪ್ರಸಂಗ ಕಣ್ಣಿಗೆ ಬಿತ್ತು. ಅವು ನನ್ನ ದುಃಖದ ಮಾತುಗಳು, ಅವರವಲ್ಲ. ಬೆಳೆಯನ್ನು ನಂಬಿ ಬದುಕುವವರು ಮುಂದಿನ ಹಂಗಾಮಿನ ಆಚೆಗೆ ಅಷ್ಟು ಬೇಗ ಯೋಚಿಸುವುದಿಲ್ಲ. ಇಡೀ ಪ್ರಸಂಗದ ಜಾಗದಲ್ಲಿ ಈಗ ಇರುವುದು ಒಬ್ಬ ರೈತನ ಒಂದು ಪ್ರಶ್ನೆ ಮತ್ತು ಅದರ ಸುತ್ತ ನಡೆಯುವ ಜಗಳ: “ಸುಗ್ಗಿಗಿಂತ ಮೊದ್ಲ ನೀರು ನಿಂದರೂದಂತ ಆದ್ರ, ಈ ಹಿಂಗಾರಿ ಜ್ವಾಳ ಬಿತ್ತೂನೋ ಬ್ಯಾಡೋ?” ಬಿತ್ತಬೇಕೆನ್ನುವವರು ಸುದ್ದಿಯನ್ನು ನಂಬದವರು, ಬೇಡವೆನ್ನುವವರು ನಂಬಿದವರು, ಕೈಲಿರುವ ಬೀಜ ಹಾಳಾಗುವುದಕ್ಕಿಂತ ಬಿತ್ತುವುದೇ ಲೇಸೆನ್ನುವವರು ಎರಡರ ನಡುವೆ ಸಿಕ್ಕಿಕೊಂಡವರು. ಊರು ಮೂರಾಗಿ ಒಡೆಯುವುದು ಅಲ್ಲಿಂದ. ನಾಡಿನ ಬಗ್ಗೆ ಒಂದು ದೊಡ್ಡ ಮಾತೂ ಇಲ್ಲದ ಆ ಜಗಳದಲ್ಲಿ, ಆ ದೀರ್ಘ ಮಾತುಗಳು ಹೇಳಲು ಹೊರಟಿದ್ದ ಎಲ್ಲವೂ ಸೇರಿಕೊಂಡಿದೆ ಎಂದು ನನಗೆ ಅನಿಸುತ್ತದೆ.

ಬೇಸಿಗೆಯ ತಿಂಗಳುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರೀಕ್ಷೆ, ಮೌಲ್ಯಮಾಪನ, ಬಿಸಿಲು ಮೂರೂ ಸೇರಿ ಹೊಸದನ್ನು ಬರೆಯಲು ಬಿಡುವುದಿಲ್ಲವಾದ್ದರಿಂದ, ಆಗ ನಸುಕಿನಲ್ಲಿ ಎದ್ದು ಬರೆದದ್ದನ್ನು ಕಂಪ್ಯೂಟರಿನ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುತ್ತೇನೆ. ಕೈಬರಹದಿಂದ ಪರದೆಗೆ ಹೋಗುವಾಗ ಪ್ರತಿ ವಾಕ್ಯವನ್ನೂ ಮತ್ತೊಮ್ಮೆ ಬೆರಳಿನಿಂದ ದಾಟಿಸಬೇಕಾಗುವುದರಿಂದ, ಬೇಡದ ವಾಕ್ಯವನ್ನು ಬೆರಳೇ ಮೊದಲು ತಡೆಯುತ್ತದೆ.

ಈ ತಿಂಗಳ ಲೆಕ್ಕವನ್ನೂ ಕೇಳಿದವರಿಗಾಗಿ ಹೇಳಿಬಿಡುತ್ತೇನೆ. ಕೈಯಲ್ಲಿರುವುದು ಅಡಿಗಲ್ಲಿನ ಅಧ್ಯಾಯ. ಎರಡು ದಂಡೆಗಳ ಎರಡು ಸಮಾರಂಭಗಳನ್ನೂ ಒಂದರ ನಂತರ ಒಂದರಂತೆ ತೋರಿಸುವ ಮೊದಲ ಕರಡು ಮುಗಿದಿದೆ. ಅದನ್ನು ಬರೆದ ಮೇಲೆ ನನಗೆ ಗೊತ್ತಾದದ್ದು, ಹುಲಿಗೆವ್ವ ಅಂದು ಎರಡನ್ನೂ ನೋಡಿರಲಾರಳು ಎಂಬುದು. ಅಷ್ಟು ಜನ ಸೇರಿದ ದಿನ ತುಪ್ಪಕ್ಕೆ, ಮಜ್ಜಿಗೆಗೆ ಒಳ್ಳೆಯ ವ್ಯಾಪಾರ. ಅವಳು ಗಡಿಗೆ ಹೊತ್ತು ಬಲದಂಡೆಗೆ, ಎಂದರೆ ಕಲ್ದಾರ ಸಿಗುವ ಕಡೆಗೇ ಹೋಗುತ್ತಾಳೆ. ರಾಜಕುಮಾರರು ಬಂದು ಹೋದದ್ದನ್ನು ಸಂಜೆ ಗಂಡನ ಬಾಯಿಂದ ಕೇಳುತ್ತಾಳೆ. ಹೀಗಾಗಿ ಎಡದಂಡೆಯ ಸಮಾರಂಭವೆಲ್ಲ ಗಂಡ ಉಣ್ಣುತ್ತ ಹೇಳುವ ನಾಲ್ಕು ಮಾತಾಗಿ ಇಳಿಯಬೇಕಾಗಿದೆ. ಮುಂದಿನ ತಿಂಗಳ ಕೆಲಸ ಆ ನಾಲ್ಕು ಮಾತು.